ಗುರುವಾರ ಮೊದಲ ಥೆರಪಿ ಸೆಷನ್, ಅಲ್ಲಿ ಏನು ನಡೆಯುತ್ತೆ?

ತುಮಕೂರು_ಪ್ಯಾಸೆಂಜರ್:
ಮೀಟಿಂಗಲ್ಲಿ ಮಾತಾಡೋಕೆ ಎದ್ದರೆ ಎದೆ ಡವಡವ, ಕೈ ಬೆವರು. ಇಸಿಜಿ, ಥೈರಾಯ್ಡ್ ನಾರ್ಮಲ್. ಗುರುವಾರ ಬೆಂಗಳೂರಲ್ಲಿ ಮೊದಲ ಸೆಷನ್, 1,500 ರೂಪಾಯಿ. ಏನು ಕೇಳ್ತಾರೆ, ಎಷ್ಟು ಸಲ ಹೋಗ್ಬೇಕು? ಮನೇಲಿ ಹೇಳಿಲ್ಲ. ಗೊತ್ತಿದ್ದೋರು ಹೇಳಿ.

ಲೆಕ್ಕದಮ್ಮ:
ಮೊದಲ ದಿನ ಚಿಕಿತ್ಸೆ ಶುರುವಾಗಲ್ಲ, ಜನ ಬೇಜಾರಾಗೋದು ಅದಕ್ಕೇ. ಬರೀ ಹಿಸ್ಟರಿ: ಯಾವಾಗಿಂದ, ನಿದ್ದೆ, ಊಟ, ಕುಡಿತ, ಮನೇಲಿ ಯಾರಿಗಾದ್ರೂ ಇತ್ತಾ, ಸಾಯ್ಬೇಕು ಅನ್ನಿಸಿದೆಯಾ. ಈ ಕೊನೇದು ಎಲ್ಲರಿಗೂ ಕೇಳೋ ಪ್ರಶ್ನೆ, ಬೆಚ್ಚಬೇಡಿ. ಪಿಎಚ್‌ಕ್ಯೂ-9, ಜಿಎಡಿ-7 ಅಂತ ಖಿನ್ನತೆ, ಆತಂಕ ಅಳೆಯೋ ಫಾರ್ಮ್ ಕೊಟ್ಟರೆ ಹಿಂದಿನ ಎರಡು ವಾರದ್ದು ಮಾತ್ರ ತುಂಬಿ.

ಈಗ ದುಡ್ಡು. ಸಿಬಿಟಿ (ಯೋಚನೆ, ನಡವಳಿಕೆ ಬದಲಿಸೋ ಮಾತಿನ ಚಿಕಿತ್ಸೆ) ಅಂದ್ರೆ ಸಾಮಾನ್ಯವಾಗಿ 12ರಿಂದ 16 ಸೆಷನ್, ವಾರಕ್ಕೊಂದು, 50 ನಿಮಿಷ. ಹನ್ನೆರಡಕ್ಕೇ 18,000. ಬಸ್ಸು, ಆಟೊ, ಅರ್ಧ ದಿನದ ರಜೆ ಬೇರೆ. 24 ಗಂಟೆ ಮುಂಚೆ ಹೇಳದೆ ತಪ್ಪಿಸಿದ್ರೆ ಬಹಳ ಕಡೆ ಪೂರ್ತಿ ಫೀಸು ಹೋಗುತ್ತೆ. ಹತ್ತು ಸೆಷನ್ ಪ್ಯಾಕೇಜ್ ಅಂತ ಮುಂಗಡ ಕೇಳಿದ್ರೆ ಕೊಡಲೇಬೇಡಿ, ನಾಲ್ಕಕ್ಕೆ ಬಿಟ್ಟು ರೀಫಂಡ್ ಕೇಳಿ ನೋಡಿ, ಗೊತ್ತಾಗುತ್ತೆ. ಒಪಿಡಿ ಕವರ್ (ಆಸ್ಪತ್ರೆಗೆ ಸೇರದೆ ತೋರಿಸಿಕೊಳ್ಳೋ ಖರ್ಚು) ಇಲ್ಲದ ವಿಮಾ ಪಾಲಿಸಿಯಲ್ಲಿ ಇದು ಬರಲ್ಲ. ಮಾನಸಿಕ ಕಾಯಿಲೆಗೂ ವಿಮೆ ಕೊಡ್ಬೇಕು ಅನ್ನೋ 2017ರ ಮಾನಸಿಕ ಆರೋಗ್ಯ ಕಾಯ್ದೆ ಹಿಡ್ಕೊಂಡು ಏಜೆಂಟ್ ಹತ್ರ ಕೂಗಾಡಿ ಪ್ರಯೋಜನ ಇಲ್ಲ.

ಧಾರವಾಡ_ಮಂದಿ:
ಹದಿನೆಂಟು ಸಾವಿರ ಅಂತ! ಸರಕಾರಿ ದವಾಖಾನಿ ಕಣ್ಣಿಗೆ ಬೀಳೂದಿಲ್ಲೇನ್ರಿ? ನಮ್ಮ ಕಡೆ ಡಿಮ್ಹಾನ್ಸ್ ಐತಿ, ನಿಮ್ಮ ಕಡೆ ನಿಮ್ಹಾನ್ಸ್ ಐತಿ. ಸರಕಾರದ ಮನೋಚೈತನ್ಯ ಯೋಜನೆದಾಗ ಮಂಗಳವಾರ ತಾಲೂಕು ದವಾಖಾನಿಗೇ ಮನೋವೈದ್ಯರು ಬರ್ತಾರ. ಹಳೇ ರಿಪೋರ್ಟ್ ತಗೊಂಡು ಲಗೂ ಹೋಗಿ ಚೀಟಿ ಮಾಡಸ್ರಿ. ಅದೂ ಆಗಲಿಲ್ಲಂದ್ರ ಟೆಲಿ-ಮಾನಸ್ ಸಹಾಯವಾಣಿ 14416, ಹಗಲೂ ರಾತ್ರಿ, ಕನ್ನಡದಾಗ, ಪುಕ್ಕಟೆ.

ಲೆಕ್ಕದಮ್ಮ:
ಮಂಗಳವಾರದ ಕ್ಯೂನಲ್ಲಿ ಸಿಗೋದು ಮಾತ್ರೆ ಬರೆಯೋವಷ್ಟು ಹೊತ್ತು. ವಾರವಾರ 50 ನಿಮಿಷ ಕೂರಿಸಿಕೊಂಡು ಕೇಳೋಕೆ ಅಲ್ಲಿ ಯಾರಿದ್ದಾರೆ? ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಧಾರವಾಡ_ಮಂದಿ:
ಮಾತ್ರಿ ಅಂದ್ರ ಯಾಕಷ್ಟು ಸಿಟ್ಟು? ಎಸ್‌ಎಸ್‌ಆರ್‌ಐ ಅನ್ನೋ ಖಿನ್ನತಿ, ಆತಂಕದ ಮಾತ್ರಿ ಗುಣ ಕಾಣಾಕ ಎರಡರಿಂದ ಆರು ವಾರ ಬೇಕು. ಮೊದಲನೇ ವಾರ ಹೊಟ್ಟಿ ತೊಳಸತೈತಿ, ಮಂದಿ ಎಂಟನೇ ದಿನಕ್ಕ ಬಿಟ್ಟು "ಉಪಯೋಗಿಲ್ಲ" ಅಂತಾರ. ಆರಾಮಾತು ಅಂತ ಒಮ್ಮೆಲೇ ನಿಲ್ಲಿಸಿದ್ರ ತಲಿ ತಿರಗತೈತಿ, ಕರೆಂಟ್ ಹೊಡದಂಗ ಆಗತೈತಿ. ಡಾಕ್ಟರನ್ನ ಕೇಳಿ ಸಾವಕಾಶ ಇಳಸಬೇಕು.

ಕರಾವಳಿ_ಕಷಾಯ:
ಜಗಳ ಆಮೇಲೆ ಮಾಡಿ ಮಾರಾಯ್ರೇ. ಎದುರು ಕೂತವರು ಯಾರು ಅಂತ ಮೊದಲು ನೋಡಬೇಕಲ್ಲ? ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡು ಇದ್ದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಕೇಳಿ.

ನಿಮ್ಮ ತೊಂದರೆಗೆ ಭಯದ ಏಣಿ ಬರೆಸುತ್ತಾರೆ, ಯಾವುದಕ್ಕೆ ಎಷ್ಟು ಭಯ ಅಂತ ಸೊನ್ನೆಯಿಂದ ನೂರರವರೆಗೆ ಅಂಕ. ಕನ್ನಡಿ ಎದುರು ಮಾತು 20, ಇಬ್ಬರ ಎದುರು 40, ಮೀಟಿಂಗಲ್ಲಿ ಒಂದು ಪ್ರಶ್ನೆ 60, ಪೂರ್ತಿ ಪ್ರೆಸೆಂಟೇಶನ್ 90, ಹೀಗೆ. ಕೆಳಗಿನ ಮೆಟ್ಟಿಲನ್ನೇ ಮತ್ತೆ ಮತ್ತೆ ಮಾಡಬೇಕು. ಕೆಡುವುದು ಎಲ್ಲಿ ಗೊತ್ತುಂಟಾ? ಎದೆಬಡಿತ ತುದಿಗೇರಿದಾಗಲೇ ಎದ್ದು ಹೊರಗೆ ಹೋಗುವುದು. ತಪ್ಪಿಸಿಕೊಂಡದ್ದಕ್ಕೇ ಬದುಕಿದೆ ಅಂತ ಮನಸ್ಸು ಕಲಿಯುತ್ತದೆ. ನೀರಿನ ಬಾಟಲಿ ಬಿಗಿಯಾಗಿ ಹಿಡಿಯುವುದು, ಸ್ಲೈಡ್ ನೋಡಿ ಗಡಗಡ ಓದುವುದು, ಇವೂ ಅದೇ ಜಾತಿ. ಕೊಟ್ಟ ಅಭ್ಯಾಸವನ್ನು ಮನೆಯಲ್ಲಿ ಮಾಡದಿದ್ದರೆ ಮುಂದಿನ ವಾರ ಕೊಟ್ಟ ಫೀಸು ವ್ಯರ್ಥ.

ಹಾಸನ_ಆಲೂಗಡ್ಡೆ:
ಎಂಎಸ್‌ಸಿ ಸೈಕಾಲಜಿ ಓದಿದ ಕೌನ್ಸೆಲರ್‌ಗೆ ಆರ್‌ಸಿಐ ಸಂಖ್ಯೆ ಇರಲ್ಲ, ಅದು ಮೋಸ ಅಲ್ಲ. ಎಲ್ಲಿ ಓದಿದ್ರಿ, ಯಾರ ಕೈಕೆಳಗೆ ಕಲಿತ್ರಿ ಅಂತ ಕೇಳಿದರಾಯ್ತು. ಅದಕ್ಕಿಂತ ಮುಖ್ಯ, ಬುಕ್ ಮಾಡುವಾಗಲೇ ಕನ್ನಡ ಬರುತ್ತಾ ಕೇಳಿ. "ಒಂಥರಾ ಸಂಕಟ ಆಗುತ್ತೆ" ಅನ್ನೋದನ್ನ ಇಂಗ್ಲಿಷಿಗೆ ತಿರುಗಿಸೋಷ್ಟರಲ್ಲಿ ಇಪ್ಪತ್ತು ನಿಮಿಷ ಹೋಗಿರುತ್ತೆ.

ಕರಾವಳಿ_ಕಷಾಯ:
ಕನ್ನಡ ಬಂದರೆ ಸಾಕಾದರೆ ನಮ್ಮ ಅಜ್ಜಿಯೂ ಕೂತು ಕೇಳುತ್ತಾರೆ, ಕಾಫಿ ಬೇರೆ ಕೊಡುತ್ತಾರೆ.

ಹಾಸನ_ಆಲೂಗಡ್ಡೆ:
ಕೆಲವು ಸರ್ಟಿಫಿಕೇಟ್‌ಗಳಿಗಿಂತ ನಿಮ್ಮಜ್ಜಿಯೇ ವಾಸಿ.

ತುಮಕೂರು_ಪ್ಯಾಸೆಂಜರ್:
ಮನೆಯವರಿಗೆ ಫೋನ್ ಮಾಡಿ ಹೇಳಿಬಿಡ್ತಾರಾ ಅನ್ನೋದೇ ನನ್ನ ಚಿಂತೆ.

ಲೆಕ್ಕದಮ್ಮ:
ಹೇಳಲ್ಲ. ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಇದ್ದರೆ, ಇಲ್ಲಾ ಕಾನೂನು ಕೇಳಿದರೆ ಮಾತ್ರ ಆ ಗುಟ್ಟು ಮುರೀತಾರೆ, ಮೊದಲ ದಿನವೇ ಅದನ್ನ ಬಾಯಿಬಿಟ್ಟು ಹೇಳಬೇಕು, ಹೇಳದಿದ್ರೆ ನೀವೇ ಕೇಳಿ. ಜಾಯಿಂಟ್ ಅಕೌಂಟಿಂದ ಫೀಸು ಕಟ್ಟಬೇಡಿ, ಸ್ಟೇಟ್‌ಮೆಂಟಲ್ಲಿ ಕ್ಲಿನಿಕ್ ಹೆಸರು ಕಾಣುತ್ತೆ.

ಧಾರವಾಡ_ಮಂದಿ:
ಸರಕಾರಿ ಚೀಟಿಗೆ ಸ್ಟೇಟ್‌ಮೆಂಟ್ ಗದ್ದಲ ಇಲ್ಲ ನೋಡ್ರಿ.

ಲೆಕ್ಕದಮ್ಮ:
ಹೌದು, ಕ್ಯೂನಲ್ಲಿ ಪಕ್ಕದ ಮನೆಯವರೇ ಸಿಗ್ತಾರೆ!