ಪವರ್ ಬ್ಯಾಂಕ್ ಆಮದು: ಆರ್-ನಂಬರ್ ಸರಿ ಇದೆ, ಬ್ರ್ಯಾಂಡ್ ಮಾತ್ರ ಬೇರೆ ಬರುತ್ತಿದೆ

ಗೋಣಿಕೊಪ್ಪ_ಅಂಗಡಿ:
ಕಕ್ಕಡ ತಿಂಗಳ ಮಳೆಗೆ ಮರ ಬಿದ್ದು ಕರೆಂಟ್ ಹೋದರೆ ತೋಟದ ಮನೆಗಳಲ್ಲಿ ಯಾವಾಗ ಬರುತ್ತೋ ಹೇಳೋಕಾಗಲ್ಲ, ನಿಮಗೇ ಗೊತ್ತು. ಹೋಂಸ್ಟೇಯವರಂತೂ ಕೇಳುತ್ತಲೇ ಇರುತ್ತಾರೆ. ಅದಕ್ಕೇ ಚೀನಾದ ಒಂದು ಫ್ಯಾಕ್ಟರಿಯಿಂದ ಪವರ್ ಬ್ಯಾಂಕ್ ತರಿಸಲು ಹೊರಟಿದ್ದೇನೆ. ಮೇಲೆ ನಮ್ಮ ಅಂಗಡಿ ಹೆಸರು ಪ್ರಿಂಟ್ ಮಾಡಿಕೊಡುತ್ತಾರೆ. ನನ್ನ ಆಮದು-ರಫ್ತು ಕೋಡ್ (ಐಇಸಿ) ರೆಡಿ ಇದೆ. ಅವರು ಸಿಇ, ಯುಎನ್ 38.3 ರಿಪೋರ್ಟ್, ಜೊತೆಗೆ ಒಂದು ಆರ್-ನಂಬರ್, ಅಂದರೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಸಂಖ್ಯೆ ಕಳಿಸಿದ್ದಾರೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ನಂಬರ್ ಚಾಲ್ತಿಯಲ್ಲಿದೆ, ಆದರೆ ಬ್ರ್ಯಾಂಡ್ ಬೇರೆ. ಕೇಳಿದರೆ 'ಏನೂ ತೊಂದರೆ ಇಲ್ಲ' ಅನ್ನುತ್ತಾರೆ. ಬಾಕಿ ದುಡ್ಡು ಕಳಿಸಲಾ?

ಮಂಗಳೂರು_ಕ್ಲಿಯರಿಂಗ್:
ಕಳಿಸಬೇಡಿ. ತೊಂದರೆ ಇಲ್ಲದಿರುವುದು ಅವರಿಗೆ, ಕಸ್ಟಮ್ಸ್ ಮುಂದೆ ನಿಲ್ಲುವವರು ನೀವು.

ಸಿಇ ಯುರೋಪಿನ ಗುರುತು, ಇಲ್ಲಿ ನಡೆಯಲ್ಲ. ಯುಎನ್ 38.3 ಲಿಥಿಯಂ ಬ್ಯಾಟರಿ ಸಾಗಿಸುವಾಗಿನ ಸುರಕ್ಷತೆಗೆ. ಅದಿಲ್ಲದೆ ಸರಕು ವಿಮಾನ ಹತ್ತಲ್ಲ ನಿಜ, ಆದರೆ ಇಲ್ಲಿ ಮಾರಲು ಅದು ಸಾಲದು. ನಮ್ಮಲ್ಲಿ ಪವರ್ ಬ್ಯಾಂಕ್ ಬಿಐಎಸ್‌ನ ಕಡ್ಡಾಯ ನೋಂದಣಿ ಪಟ್ಟಿಯಲ್ಲಿದೆ. ಒಳಗಿನ ಲಿಥಿಯಂ ಸೆಲ್‌ಗೆ ಐಎಸ್ 16046 ಅನ್ನೋ ಭಾರತೀಯ ಮಾನಕದ ಪ್ರಕಾರ ಬೇರೆಯೇ ನೋಂದಣಿ ಬೇಕು. ಇದನ್ನು ಎಷ್ಟೋ ಜನ ಮರೆಯುತ್ತಾರೆ.

ಈಗ ಬ್ರ್ಯಾಂಡ್ ವಿಷಯ. ಆರ್-ನಂಬರ್ ಸಿಗುವುದು ತಯಾರಕರಿಗೆ, ಆಮದುದಾರರಿಗಲ್ಲ. ಅದೂ ಒಂದು ಫ್ಯಾಕ್ಟರಿ ವಿಳಾಸಕ್ಕೆ, ಅದರಲ್ಲಿ ಸೇರಿಸಿದ ಬ್ರ್ಯಾಂಡ್ ಮತ್ತು ಮಾಡೆಲ್‌ಗಳಿಗೆ ಮಾತ್ರ. ನಿಮ್ಮ ಅಂಗಡಿ ಹೆಸರನ್ನು ಬ್ರ್ಯಾಂಡ್ ಅಂತ ಒತ್ತಿದ ಕ್ಷಣ ಆ ನಂಬರ್ ನಿಮ್ಮ ಮಾಲಿಗೆ ಅನ್ವಯಿಸಲ್ಲ, ಒಳಗಿನ ಸರ್ಕ್ಯೂಟ್ ಅದೇ ಇದ್ದರೂ ಅಷ್ಟೆ. ನಿಮಗೆ ಎರಡು ದಾರಿ ಇದೆ. ಫ್ಯಾಕ್ಟರಿಯವರು ತಮ್ಮ ಭಾರತೀಯ ಪ್ರತಿನಿಧಿಯ ಮೂಲಕ ನಿಮ್ಮ ಬ್ರ್ಯಾಂಡನ್ನು ನೋಂದಣಿಗೆ ಸೇರಿಸಲಿ. ಇಲ್ಲವೇ ಈಗಾಗಲೇ ನೋಂದಣಿಯಾದ ಅವರದೇ ಬ್ರ್ಯಾಂಡ್ ತರಿಸಿ. ಸಣ್ಣ ಲಾಟ್‌ಗೆ ಎರಡನೆಯದೇ ವಾಸಿ, ನನ್ನ ಕೇಳಿದರೆ.

ಕುಶಾಲನಗರ_ಬೈಕರ್:
ಇಷ್ಟೆಲ್ಲ ತಲೆನೋವು ಯಾಕೆ? ಸಣ್ಣ ಸಣ್ಣ ಪಾರ್ಸೆಲ್ ಮಾಡಿ ಕೊರಿಯರ್‌ನಲ್ಲಿ ತರಿಸಿದರೆ ಯಾರು ನೋಡುತ್ತಾರೆ?

ಮಂಗಳೂರು_ಕ್ಲಿಯರಿಂಗ್:
ನೋಡುತ್ತಾರೆ ಗುರು. ಪಾರ್ಸೆಲ್ ಸಣ್ಣದಾದರೆ ನಿಯಮ ಸಣ್ಣದಾಗಲ್ಲ. ನೋಂದಣಿ ಇಲ್ಲದ ಮಾಲು ಸಿಕ್ಕರೆ ವಾಪಸ್ ಕಳಿಸಬೇಕು. ಇಲ್ಲದಿದ್ದರೆ ಕಸ್ಟಮ್ಸ್‌ನವರೇ ಬಳಸಲಾಗದ ಹಾಗೆ ಮಾಡಿ ಗುಜರಿಗೆ ಹಾಕುತ್ತಾರೆ. ಅಲ್ಲಿಯವರೆಗಿನ ಗೋದಾಮು ಬಾಡಿಗೆ ಬೇರೆ. ಅಂಗಡಿಯಲ್ಲಿ ಇಟ್ಟು ಮಾರುತ್ತಾ ಸಿಕ್ಕಿಬಿದ್ದರೆ ಬಿಐಎಸ್ ಕಾಯ್ದೆ 2016 ಇದೆ. ಮೊದಲ ಸಲದ ದಂಡವೇ ಕನಿಷ್ಠ 2 ಲಕ್ಷ.

ಗೋಣಿಕೊಪ್ಪ_ಅಂಗಡಿ:
ಹೆಸರಿನ ಆಸೆ ಬಿಟ್ಟೆ. ಅವರದೇ ಬ್ರ್ಯಾಂಡ್ ಕಳಿಸಿ ಅಂದೆ, ಒಪ್ಪಿ ಲೇಬಲ್ ಫೋಟೊ ಕಳಿಸಿದ್ದಾರೆ. ಆ್ಯಪ್‌ನಲ್ಲಿ ಬ್ರ್ಯಾಂಡ್ ಸರಿ ಬಂತು, ವಿಳಾಸವೂ ಅದೇ. ಆದರೆ ಲೇಬಲ್‌ನ ಮಾಡೆಲ್ ನಂಬರ್ ಕೊನೆಯಲ್ಲಿ ಒಂದು 'ಬಿ' ಜಾಸ್ತಿ ಇದೆ. ಸುಮ್ನೆ ಬಣ್ಣದ ಕೋಡ್ ಅಂತೆ.

ಮಂಗಳೂರು_ಕ್ಲಿಯರಿಂಗ್:
ಬಣ್ಣದ್ದೇ ಇರಬಹುದು. ಆದರೆ ಪಟ್ಟಿಯಲ್ಲಿ ಇಲ್ಲದ ಮಾಡೆಲ್ ಅಂದರೆ ಅಧಿಕಾರಿಗೆ ನೋಂದಣಿ ಇಲ್ಲದ ಮಾಡೆಲ್ಲೇ. ಪಟ್ಟಿಯಲ್ಲಿ ಹೇಗಿದೆಯೋ ಹಾಗೇ ಇನ್‌ವಾಯ್ಸ್, ಲೇಬಲ್, ಡಬ್ಬ ಮೂರರಲ್ಲೂ ಇರಲಿ. ಸೆಲ್‌ನ ಆರ್-ನಂಬರ್ ಕೂಡ ತರಿಸಿಕೊಳ್ಳಿ.

ವಿರಾಜಪೇಟೆ_ಲೆಕ್ಕಪತ್ರ:
ನಡುವೆ ಬಾಯಿ ಹಾಕುತ್ತೇನೆ. ನಿಮ್ಮ ಅಂಗಡಿ ಹೆಸರು ಡಬ್ಬದ ಮೇಲೆ ಹೇಗೂ ಬರಬೇಕು, ಆಮದುದಾರ ಅಂತ. ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮ 2011ರ ಪ್ರಕಾರ ಆಮದುದಾರರ ಹೆಸರು-ವಿಳಾಸ, ತಯಾರಾದ ದೇಶ, ಎಂಆರ್‌ಪಿ, ದೂರಿಗೆ ಫೋನ್ ನಂಬರ್ ಹಾಕಲೇಬೇಕು. ಬ್ಯಾಟರಿ ತ್ಯಾಜ್ಯ ನಿಯಮ 2022ರಲ್ಲಿ ಆಮದುದಾರರೂ ಉತ್ಪಾದಕರ ಲೆಕ್ಕವೇ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ (ಸಿಪಿಸಿಬಿ) ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಿ.

ಗೋಣಿಕೊಪ್ಪ_ಅಂಗಡಿ:
'ಬಿ' ಇಲ್ಲದ ಮಾಡೆಲ್ ಇದೆಯಂತೆ, ಬಿಳಿ ಬಣ್ಣದಲ್ಲಿ ಮಾತ್ರ. ನಮ್ಮ ಕೆಸರಿಗೆ ಬಿಳಿ! ಇರಲಿ, ತರಿಸುತ್ತೇನೆ. ಸೆಲ್‌ನ ನಂಬರ್ ನಾಳೆ ಕೊಡುತ್ತಾರಂತೆ. ಅದನ್ನೂ ಆ್ಯಪ್‌ನಲ್ಲಿ ನೋಡಿ, ಇನ್‌ವಾಯ್ಸ್ ಬದಲಾಯಿಸಿಕೊಂಡು ಆಮೇಲೆ ದುಡ್ಡು.