ಬಿ.ಎಡ್. ಪ್ರಶಿಕ್ಷಣಾರ್ಥಿಗಳ ಪಾಠ ನೋಡಿದ ಮೇಲೆ ಹೇಗೆ ಹೇಳುವುದು?

ಸುರತ್ಕಲ್ ಟೀಚರ್:
ಇಂಟರ್ನ್‌ಶಿಪ್‌ಗೆ ಬಂದ ಇಬ್ಬರ ಗಣಿತ ಪಾಠ ನೋಡುವ ಕೆಲಸ ನನ್ನ ಪಾಲಿಗೆ ಉಂಟು. ಪಾಠಯೋಜನೆ ಪುಸ್ತಕದಲ್ಲಿ "ಚೆನ್ನಾಗಿತ್ತು, ಮಕ್ಕಳನ್ನು ಇನ್ನಷ್ಟು ತೊಡಗಿಸಿಕೊಳ್ಳಬೇಕು" ಅಂತ ಬರೆದು ಸಹಿ ಹಾಕುವುದು ವಾಡಿಕೆ. "ಆಯ್ತು ಮೇಡಂ" ಅಂತಾರೆ, ಮರುದಿನ ಪುನಃ ಅದೇ. ಅವರಿಗೆ ಬೇಜಾರೂ ಆಗಬಾರದು, ಪಾಠವೂ ಬದಲಾಗಬೇಕು.

ಕೊಡಿಯಾಲ್ ಮಾಸ್ಟ್ರು:
"ತೊಡಗಿಸಿಕೊಳ್ಳಬೇಕು" ಅಂದರೆ ನಾಳೆ ಏನು ಮಾಡಬೇಕು ಅಂತ ಅವರಿಗೆ ಗೊತ್ತಾಗುವುದಿಲ್ಲ ಮೇಡಂ. ಹಿಂದಿನ ಬೆಂಚಲ್ಲಿ ಕೂತಾಗ ಅಭಿಪ್ರಾಯ ಬರೆಯಲೇಬೇಡಿ, ನಡೆದದ್ದನ್ನು ಬರೆಯಿರಿ. ಎಡಕ್ಕೆ ಸಮಯ, ನಡುವೆ ಟೀಚರ್ ಹೇಳಿದ್ದು, ಬಲಕ್ಕೆ ಮಕ್ಕಳು ಮಾಡಿದ್ದು. ಪಕ್ಕದ ಪುಟದಲ್ಲಿ ಬೆಂಚುಗಳ ನಕ್ಷೆ. ಯಾರಿಗೆ ಪ್ರಶ್ನೆ ಹೋಯಿತೋ ಅಲ್ಲೊಂದು ಗೀಟು. ಹೆಚ್ಚಾಗಿ ಗೀಟೆಲ್ಲ ಮುಂದಿನ ಎರಡು ಬೆಂಚಿಗೇ ಬೀಳ್ತದೆ. ಆ ಪುಟ ಕೈಗೆ ಕೊಡಿ, ನೀವು ಬಾಯಿ ಬಿಡುವ ಮೊದಲೇ ಅವರಿಗೆ ಗೊತ್ತಾಗ್ತದೆ.

ಭಿನ್ನರಾಶಿ ಪಾಠ ಅಂತ ಇಟ್ಟುಕೊಳ್ಳಿ. 1/2 + 1/3ಕ್ಕೆ ಮಗು 2/5 ಬರೆಯಿತು, ಪ್ರಶಿಕ್ಷಣಾರ್ಥಿ "ತಪ್ಪು" ಅಂತ ಒರೆಸಿ 5/6 ಬರೆದರು. ಆಮೇಲೆ ಅವರನ್ನು ಕೇಳಿ: "10.25ಕ್ಕೆ 2/5 ಬಂತಲ್ಲ, ಮಗು ಏನು ಯೋಚಿಸಿರಬಹುದು?" ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದೆ ಅಂತ ಅವರೇ ಹಿಡಿಯಲಿ. ಹಿಡಿಯದಿದ್ದರೆ ಹೇಳಿಕೊಡಿ. 2/5 ಅಂದರೆ ಅರ್ಧಕ್ಕಿಂತ ಕಡಿಮೆ. ಅರ್ಧಕ್ಕೆ ಮತ್ತೂ ಸೇರಿಸಿದರೆ ಕಡಿಮೆ ಆಗ್ತದಾ ಅಂತ ಮಕ್ಕಳನ್ನೇ ಕೇಳಬಹುದಿತ್ತು. ಮುಂದಿನ ಪಾಠದಲ್ಲಿ ನೀವು ನೋಡುವುದೂ ಅದೊಂದನ್ನೇ: ಒರೆಸುವ ಮೊದಲು "ಹೇಗೆ ಬಂತು?" ಅಂತ ಕೇಳಿದರಾ. ಧ್ವನಿ, ಚಾರ್ಟ್, ಅಕ್ಷರ ಎಲ್ಲ ಆಮೇಲೆ.

ಬ್ರಹ್ಮಾವರ ವಿಜ್ಞಾನ:
ವಿಷಯದ ತಪ್ಪನ್ನು ಮಾತ್ರ ಆಮೇಲೆ ಅಂತ ಇಡಬಾರದು ಮಾಸ್ಟ್ರೆ. ಬೋರ್ಡಿನಲ್ಲಿ ಸೂತ್ರವೇ ತಪ್ಪಿದ್ದರೆ ಚೀಟಿ ದಾಟಿಸಿ, ಅವರೇ ತಿದ್ದಿಕೊಳ್ಳಲಿ. ನೀವು ಎದ್ದು ತಿದ್ದಿದರೆ ಮಕ್ಕಳು ಮತ್ತೆ ಅವರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಮೊದಲು ಹೊಗಳಿ, ನಡುವೆ ಟೀಕಿಸಿ, ಕೊನೆಗೆ ಪುನಃ ಹೊಗಳುವ ಕ್ರಮ ನನಗೆ ಹಿಡಿಸುವುದಿಲ್ಲ. ಕೆಲವರಿಗೆ ನಡುವಿನದ್ದು ಕೇಳಿಸುವುದೇ ಇಲ್ಲ. ಉಳಿದವರು ಹೊಗಳಿದ ಕೂಡಲೇ ಏಟಿಗೆ ಕಾಯ್ತಾರೆ. ಚೆನ್ನಾಗಿದ್ದದ್ದನ್ನೂ ನಿಖರವಾಗಿ ಹೇಳಿ: "ಪ್ರಶ್ನೆ ಕೇಳಿ 3 ಸೆಕೆಂಡ್ ಸುಮ್ಮನಿದ್ರಿ, ಆಗ ಹಿಂದಿನಿಂದ ಕೈ ಎದ್ದಿತು." ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಒಂದು ಸೆಕೆಂಡಿನಷ್ಟೇ, 3 ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗ್ತದೆ ಅಂತ ಅಮೆರಿಕದ ವಿಜ್ಞಾನ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದಾರೆ.

ಹಾಂ, ಘಟ್ಟದ ಮೇಲಿನವರ ಮಾತಿನ ಧಾಟಿಯನ್ನು ದೋಷ ಅಂತ ಬರೆಯಬೇಡಿ. ಮನೆಯಲ್ಲಿ ತುಳು, ಬ್ಯಾರಿ ಆಡುವ ಮಕ್ಕಳಿಗೆ ವೇಗ ಹೆಚ್ಚಾಯಿತು ಅಂತ ಕಂಡರೆ ವೇಗದ ಬಗ್ಗೆ ಹೇಳಿ.

ಸುರತ್ಕಲ್ ಟೀಚರ್:
40 ನಿಮಿಷದ ಪೀರಿಯಡ್ ಮುಗಿದ ಕೂಡಲೇ ನನಗೆ ಬೇರೆ ಕ್ಲಾಸ್. ಪುರುಸೊತ್ತು ಎಲ್ಲುಂಟು ಮಾರಾಯ್ರೆ? ಅಂಕ ಬೇರೆ ಹಾಕಬೇಕು.

ಬಿ.ಎಡ್. ಉಪನ್ಯಾಸಕ, ಉಡುಪಿ:
ಕೂಡಲೇ ಬೇಡ, ಅವರಿನ್ನೂ ಪಾಠದ ಬಿಸಿಯಲ್ಲೇ ಇರ್ತಾರೆ. ಮಧ್ಯಾಹ್ನದ ಬಿಡುವಲ್ಲಿ ಎರಡು ಸಾಲು ಬರೆದಿಡಲು ಹೇಳಿ: ಎಲ್ಲಿ ಯೋಜನೆಯಂತೆ ನಡೆಯಲಿಲ್ಲ, ಯಾಕೆ. ಸಂಜೆ ಲಾಂಗ್ ಬೆಲ್ ಆದ ಮೇಲೆ 15 ನಿಮಿಷ ಸಾಕು, ಮೊದಲು ಅವರೇ ಮಾತಾಡಲಿ. ಕೊನೆಯ 5 ನಿಮಿಷ ಆ ಒಂದು ಭಾಗವನ್ನು ನಿಮ್ಮೆದುರೇ ಹೊಸದಾಗಿ ಬರೆಯಲಿ. ಕಾಲೇಜಲ್ಲಿ ಮಾಡಿಸುವ ಸೂಕ್ಷ್ಮಬೋಧನೆಯ (ಒಂದೇ ಕೌಶಲಕ್ಕೆ ಪುಟ್ಟ ಪಾಠದ ಅಭ್ಯಾಸ) 36 ನಿಮಿಷದಲ್ಲಿ ಪಾಠಕ್ಕೆ 6, ಹಿಮ್ಮಾಹಿತಿಗೆ (ಫೀಡ್‌ಬ್ಯಾಕ್) 6, ಮರುಯೋಜನೆಗೆ 12, ಪುನಃ ಪಾಠಕ್ಕೆ 6, ಹಿಮ್ಮಾಹಿತಿಗೆ 6. ದೊಡ್ಡ ಪಾಲು ಮರುಯೋಜನೆಗೆ. ಶಾಲೆಗೆ ಬಂದ ಮೇಲೆ ಎಲ್ಲರೂ ಹಾರಿಸುವುದು ಅದನ್ನೇ. ಎರಡು ಸೆಕ್ಷನ್ ಇದ್ದರೆ ತಿದ್ದಿದ ಪಾಠವನ್ನು ಇನ್ನೊಂದರಲ್ಲಿ ಮಾಡಿಸಿ.

ಅಂಕ ಆ ದಿನ ತೋರಿಸಬೇಡಿ, ಸಂಖ್ಯೆ ಕಂಡರೆ ಬೇರೇನೂ ಕಿವಿಗೆ ಹೋಗುವುದಿಲ್ಲ. ಸಲಕ್ಕೆ ಒಂದೇ ಅಂಶ ಅಂದರೆ ನಿಧಾನ ಆಯಿತಲ್ಲ ಅನ್ನುವ ಚಿಂತೆ ಬೇಡ, 2014ರ ಎನ್‌ಸಿಟಿಇ (ಶಿಕ್ಷಕ ಶಿಕ್ಷಣದ ರಾಷ್ಟ್ರೀಯ ಮಂಡಳಿ) ನಿಯಮದಂತೆ ಎರಡನೇ ವರ್ಷದಲ್ಲೇ 16 ವಾರ ಶಾಲೆಯಲ್ಲಿರ್ತಾರೆ. ಬೋರ್ಡ್ ಒರೆಸುವ ಮೊದಲು ಮೊಬೈಲಲ್ಲಿ ಒಂದು ಫೋಟೋ ತೆಗೆದಿಡಿ. ಸಂಜೆ "ನಾನು ಹಾಗೆ ಬರೆದಿಲ್ಲ" ಅನ್ನುವ ಚರ್ಚೆ ತಪ್ಪುತ್ತದೆ.