ಹಿಲ್ಸ್‌ಬರೊದಲ್ಲಿ ಹೆಂಡದಂಗಡಿ ಮುಚ್ಚಿಸಿದ್ದು ಮೆರವಣಿಗೆಯೋ, ಲಾಡ್ಜೋ?

ಇತಿಹಾಸದ ವಿದ್ಯಾರ್ಥಿ:
ಹಿಲ್ಸ್‌ಬರೊ ಅಮೆರಿಕದ ಒಹಾಯೊ ರಾಜ್ಯದ ಪುಟ್ಟ ಊರು. 1873ರ ಡಿಸೆಂಬರ್ 23ರಂದು ಡಯೊ ಲೂಯಿಸ್ ಎಂಬ ಪಾನನಿರೋಧ ಪ್ರಚಾರಕರು ಅಲ್ಲಿ ಭಾಷಣ ಮಾಡಿ, ಕುಡುಕ ಗಂಡನ ಕಾಟ ತಾಳಲಾರದೆ ತಮ್ಮ ತಾಯಿ ಹೆಂಡದಂಗಡಿಯೊಳಗೇ ಹೋಗಿ ಪ್ರಾರ್ಥಿಸಿದ್ದನ್ನು ಹೇಳಿದರು. ಮರುದಿನವೇ ಎಪ್ಪತ್ತಕ್ಕೂ ಹೆಚ್ಚು ಹೆಂಗಸರು ಎಲೈಜಾ ಥಾಂಪ್ಸನ್ ಅವರ ಮುಂದಾಳುತನದಲ್ಲಿ ಚರ್ಚಿನಿಂದ ಹೆಂಡದಂಗಡಿಗಳತ್ತ ಸಾಲಾಗಿ ಹೊರಟರು. ಎಲ್ಲರೂ ನೆನೆಯುವುದು ಇದನ್ನೇ. ಅದಕ್ಕೂ ಮೊದಲೇ ಇಂಥ ಊರುಗಳಲ್ಲಿ ಪಾನನಿರೋಧದ ಲಾಡ್ಜುಗಳು, ಅಂದರೆ ಕುಡಿಯುವುದಿಲ್ಲ ಎಂದು ಪ್ರತಿಜ್ಞೆ ಮಾಡಿದವರ ಸಂಘದ ಶಾಖೆಗಳು, ಇದ್ದವಲ್ಲ, ಅವುಗಳನ್ನು ಏಕೆ ಮರೆತೆವು?

ನಿವೃತ್ತ ಮೇಷ್ಟ್ರು:
ಮರೆತದ್ದು ದೊಡ್ಡ ಅನ್ಯಾಯ. 1842ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ‘ಸನ್ಸ್ ಆಫ್ ಟೆಂಪರೆನ್ಸ್’ ಎಂಬ ಪಾನನಿರೋಧ ಸಂಘ ಸದಸ್ಯರಿಂದ ವಂತಿಗೆ ಕೂಡಿಸುತ್ತಿತ್ತು. ಕಾಯಿಲೆ ಬಿದ್ದವನಿಗೆ ಹಣ ಕೊಡುತ್ತಿತ್ತು, ಸತ್ತರೆ ಶವಸಂಸ್ಕಾರದ ಖರ್ಚನ್ನೂ ಹೊರುತ್ತಿತ್ತು. ದುಡಿಯುವವನಿಗೆ ಬೇರೆ ಯಾವ ಆಸರೆಯಿತ್ತು? ಕುಡಿತ ಬಿಡು ಎಂದರೆ ಸಾಲದು. ಸಂಜೆಯಾದ ಮೇಲೆ ನಾನು ಎಲ್ಲಿಗೆ ಹೋಗಲಿ ಎಂದು ಅವನು ಕೇಳುತ್ತಾನೆ. ಗುಟ್ಟಿನ ಸಂಕೇತಪದ, ಹೆಗಲ ಪಟ್ಟಿ, ಹಾಡು, ಗೆಳೆಯರು ಎಲ್ಲವೂ ಇದ್ದ ಲಾಡ್ಜಿನ ಕೋಣೆ ಆ ಪ್ರಶ್ನೆಗೆ ಉತ್ತರವಾಗಿತ್ತು.

ಮಲೆನಾಡಿನವಳು:
ಮೇಷ್ಟ್ರೇ, ಆ ಕೋಣೆಯ ಬಾಗಿಲು ಯಾರಿಗೆ ತೆರೆದಿತ್ತು? ನೀವು ಹೇಳುವ ಸಂಘ ಹೆಂಗಸರನ್ನು ಸದಸ್ಯರನ್ನಾಗಿ ಒಪ್ಪಿಕೊಂಡದ್ದು 1866ರಲ್ಲಿ. ಕೂಲಿಯೆಲ್ಲ ಹೆಂಡಕ್ಕೆ ಹೋದಾಗ ಮನೆಯಲ್ಲಿ ಹಸಿದವಳು ಹೆಂಡತಿ, ಅವಳ ಮಕ್ಕಳು. ಮತದಾನದ ಹಕ್ಕೂ ಇಲ್ಲದವಳು ಬೀದಿಗಿಳಿಯದೆ ಇನ್ನೇನು ಮಾಡಬೇಕಿತ್ತು? ಡಿಸೆಂಬರಿನ ಚಳಿಯಲ್ಲಿ ಅಂಗಡಿಯ ಮುಂದೆ ಮೊಣಕಾಲೂರಿದವರ ಧೈರ್ಯವನ್ನು ವಂತಿಗೆಯ ಲೆಕ್ಕದೊಂದಿಗೆ ತೂಗಬೇಡಿ.

ನಿವೃತ್ತ ಮೇಷ್ಟ್ರು:
ಧೈರ್ಯವನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಫಲವನ್ನೂ ನೋಡಬೇಕು. ಹಿಲ್ಸ್‌ಬರೊದಲ್ಲಿ ಮದ್ಯವನ್ನೂ ಮಾರುತ್ತಿದ್ದ ಡನ್ ಎಂಬ ಔಷಧ ವ್ಯಾಪಾರಿ ಮಣಿಯಲೇ ಇಲ್ಲ. ಹೆಂಗಸರು ಅವನ ಅಂಗಡಿಯ ಮುಂದೆ ಡೇರೆ ಹಾಕಿ ಪ್ರಾರ್ಥಿಸಿದರು. ಅವನು ನ್ಯಾಯಾಲಯದಿಂದ ತಡೆಯಾಜ್ಞೆ ತಂದ. ಆ ಚಳಿಗಾಲದ ಚಳವಳಿಗೆ ಮಣಿದು ಬಾಗಿಲು ಹಾಕಿದ ಅನೇಕ ಊರುಗಳ ಅಂಗಡಿಗಳು ಕೆಲವೇ ತಿಂಗಳಲ್ಲಿ ಮತ್ತೆ ತೆರೆದವು.

ಬೆಂಗಳೂರಿನ ಓದುಗ:
ಹೆಂಗಸರನ್ನು ಮೊದಲಿನಿಂದಲೂ ಸಮಾನರಾಗಿ ಸೇರಿಸಿಕೊಂಡ ‘ಗುಡ್ ಟೆಂಪ್ಲರ್ಸ್’ ಲಾಡ್ಜುಗಳೂ ಇದ್ದವು. ಅವು 1850ರ ದಶಕದ ಆರಂಭದಲ್ಲಿ ಶುರುವಾದವು. ಆದರೆ ಅಮೆರಿಕದ ದಕ್ಷಿಣದ ಬಿಳಿಯರು ಕಪ್ಪು ಜನರ ಪಕ್ಕದಲ್ಲಿ ಕುಳಿತುಕೊಳ್ಳಲು ಒಪ್ಪಲಿಲ್ಲ. ಇದೇ ಕಾರಣಕ್ಕೆ 1876ರಲ್ಲಿ ಸಂಘವೇ ಒಡೆದು, ಮತ್ತೆ ಒಂದಾದದ್ದು 1887ರಲ್ಲಿ. ಭ್ರಾತೃತ್ವದ ಪ್ರತಿಜ್ಞೆ ಮಾಡಿದವರಿಗೆ ಇದು ನಾಚಿಕೆಗೇಡು ಎಂದೇ ನಾನು ಹೇಳುತ್ತೇನೆ.

ನಿವೃತ್ತ ಮೇಷ್ಟ್ರು:
ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಒಪ್ಪುತ್ತೇನೆ.

ಮಲೆನಾಡಿನವಳು:
ನಾನೂ ಒಂದನ್ನು ಒಪ್ಪಿಕೊಳ್ಳುತ್ತೇನೆ. ಪ್ರಾರ್ಥನೆಯೊಂದೇ ಸಾಲದು ಎಂಬುದು ಆ ಹೆಂಗಸರಿಗೂ ಬೇಗನೆ ತಿಳಿಯಿತು. 1874ರ ನವೆಂಬರಿನಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಸೇರಿ ಮಹಿಳೆಯರದೇ ರಾಷ್ಟ್ರೀಯ ಪಾನನಿರೋಧ ಒಕ್ಕೂಟ ಕಟ್ಟಿದರು. ಊರೂರಿಗೆ ಶಾಖೆ, ವಂತಿಗೆ, ಪ್ರತಿಜ್ಞೆ, ಗುರುತಿಗೆ ಬಿಳಿ ರಿಬ್ಬನ್. ಇವೆಲ್ಲ ಲಾಡ್ಜಿನವರಿಗೆ ಹೊಸತೇನಲ್ಲ.

ಇತಿಹಾಸದ ವಿದ್ಯಾರ್ಥಿ:
ಅದೇ ಒಕ್ಕೂಟದ ಶಾಖೆಗಳು ಅನೇಕ ಊರುಗಳ ಚೌಕಗಳಲ್ಲಿ ಕುಡಿಯುವ ನೀರಿನ ಕಾರಂಜಿಗಳನ್ನು ಕಟ್ಟಿಸಿದವು. ಬಾಯಾರಿದವನು ನೀರಿಗಾಗಿ ಹೆಂಡದಂಗಡಿಯ ಮೆಟ್ಟಿಲು ಹತ್ತಬಾರದು ಎಂಬುದು ಅವರ ಲೆಕ್ಕ. ಮೇಷ್ಟ್ರು ಕೇಳಿದ ‘ಎಲ್ಲಿಗೆ ಹೋಗಲಿ’ ಎಂಬ ಪ್ರಶ್ನೆಯನ್ನು ಅವರೂ ಕೇಳಿಸಿಕೊಂಡಿದ್ದರು ಎನಿಸುತ್ತದೆ.